ಕಸಬರಿಗಿ ಸಪ್ಪಳ: ಎಡ ಮುಂಗಾಲಿಯೊಂದರ ಪ್ರಕರಣ

ಬಳ್ಳಾರಿಯ ನನ್ನ ಗ್ಯಾರೇಜಿಗೆ ಡಿಸೆಂಬರ್ ಕೊನೆಯ ವಾರ ಬಂದ ಕಾರೊಂದರ ಉಜ್ಜಾಟದ ಸದ್ದಿನ ಮೂಲ ಸಿಗಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕರಲ್ಲಿ ಎರಡು ದಿನ ಕೆಲಸ ಮುಗಿದೇ ಹೋಗಿದೆ ಎಂದು ನಾನು ನಂಬಿಕೊಂಡಿದ್ದೆ. ದೋಷ ದೊಡ್ಡದೇನೂ ಆಗಿರಲಿಲ್ಲ. ಗಿರಾಕಿ ಹೇಳಿಕೊಂಡು ಬಂದ ಸದ್ದು ಒಂದೇ ಒಂದು ಬಿಡಿಭಾಗವನ್ನೂ ಬದಲಿಸದೆ ನಿಂತಿತು. ಆದರೂ ಇದನ್ನು ಪೂರ್ತಿಯಾಗಿ ಬರೆದಿಡುತ್ತಿರುವುದಕ್ಕೆ ಕಾರಣವಿದೆ. ಒಂದೇ ಚಕ್ರದಲ್ಲಿ ಎರಡು ಬೇರೆ ಬೇರೆ ಉಜ್ಜಾಟಗಳಿದ್ದವು. ಅವುಗಳಲ್ಲಿ ಗಿರಾಕಿ ಹೇಳದೇ ಇದ್ದದ್ದನ್ನು ನಾನು ಮೊದಲು ಹಿಡಿದೆ, ಹೇಳಿದ್ದನ್ನು ಬಿಟ್ಟೆ.

ಕಾರು 2016ರ ಮಾದರಿಯ ಚಿಕ್ಕ ಡೀಸೆಲ್ ಸೆಡಾನ್. ಮುಂಗಾಲಿಗಳಿಂದ ಎಳೆಯುವಂಥದ್ದು, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇದೆ. ಓಡಿದ್ದು 86,000 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಮಾಲೀಕರು ಬ್ಯಾಂಕ್ ಉದ್ಯೋಗಿ. ಮೊದಲು ಮೂರು ವರ್ಷ ತೋರಣಗಲ್ಲಿಗೆ ಓಡಾಡುತ್ತಿದ್ದವರು, ಈಗ ಬಳ್ಳಾರಿಯಲ್ಲಿ ಮನೆಯಿಟ್ಟುಕೊಂಡು ಸಿರುಗುಪ್ಪ ತಾಲ್ಲೂಕಿನ ಶಾಖೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾರೆ. ಈ ಎರಡು ಊರುಗಳ ಹೆಸರು ಬರಿಯ ಪರಿಚಯಕ್ಕಾಗಿ ಬಂದದ್ದಲ್ಲ. ಕಾರಿನ ಎರಡು ದೋಷಗಳಲ್ಲಿ ಒಂದೊಂದು ಒಂದೊಂದು ಊರಿನ ಮಣ್ಣಿನದು ಎಂಬುದು ಮುಂದೆ ಗೊತ್ತಾಗುತ್ತದೆ.

ಅವರು ಹೇಳಿದ ದೂರು ಇಷ್ಟು. ಹದಿನೈದು ದಿನಗಳಿಂದ ಎಡ ಮುಂದಿನ ಚಕ್ರದ ಕಡೆಯಿಂದ ಏನೋ ಉಜ್ಜಿದಂತೆ ಸದ್ದು ಬರುತ್ತಿದೆ. ಕಾರು ನಿಂತರೆ ಸದ್ದೂ ನಿಲ್ಲುತ್ತದೆ, ವೇಗ ಹೆಚ್ಚಿದರೆ ಸದ್ದೂ ಬಿರುಸಾಗುತ್ತದೆ. ಆದರೆ ಯಾವಾಗಲೂ ಬರುವುದಿಲ್ಲ. ಐದಾರು ದಿನಗಳ ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ತೋರಿಸಿದಾಗ ಬ್ರೇಕ್ ಪ್ಯಾಡ್ ಸವೆದಿದೆ ಎಂದು ಹೇಳಿ ಮುಂದಿನ ಎರಡೂ ಕಡೆಯ ಪ್ಯಾಡ್‌ಗಳನ್ನು ಬದಲಿಸಿದ್ದರು. ಸದ್ದು ಹೋಗಲಿಲ್ಲ. ಮತ್ತೆ ಹೋದಾಗ ಚಕ್ರದ ಬೇರಿಂಗ್ ಹೋಗಿದೆ, ಅದನ್ನೂ ಹಾಕಿಸಬೇಕು ಎಂದರಂತೆ. ಎರಡನೆಯ ಖರ್ಚಿಗೆ ಮುನ್ನ ಇನ್ನೊಬ್ಬರ ಮಾತು ಕೇಳೋಣ ಎಂದು ಇಲ್ಲಿಗೆ ಬಂದಿದ್ದರು. ನಾನು ಜಾಬ್ ಕಾರ್ಡಿನಲ್ಲಿ ‘ಎಡ ಮುಂಭಾಗ, ರಬ್ಬಿಂಗ್ ಸೌಂಡ್’ ಎಂದು ಬರೆದೆ. ‘ಯಾವಾಗಲೂ ಬರುವುದಿಲ್ಲ’ ಎಂಬ ಮಾತನ್ನು ಬರೆಯಲಿಲ್ಲ. ಗಿರಾಕಿಗಳು ಹಾಗೆ ಹೇಳುವುದು ಎಷ್ಟು ಸಾಮಾನ್ಯವೆಂದರೆ ಕಿವಿ ಅದನ್ನು ದಾಟಿಸಿಬಿಡುತ್ತದೆ.

ಮುಂದಿನ ಚಕ್ರದ ಸುತ್ತ ಉಜ್ಜುವ ಸದ್ದು ಹುಟ್ಟಲು ಜಾಗಗಳು ಹಲವು, ಪ್ರತಿಯೊಂದರ ದನಿಯೂ ಬೇರೆ. ಪ್ಯಾಡ್ ಕೊನೆಯ ಹಂತಕ್ಕೆ ಸವೆದರೆ ಅದರ ಬೆನ್ನಿಗಿರುವ ಸಣ್ಣ ಉಕ್ಕಿನ ನಾಲಿಗೆ ಡಿಸ್ಕಿಗೆ ತಾಗಿ ‘ಕೀಂ’ ಎಂದು ಕಿರುಚುತ್ತದೆ. ಬ್ರೇಕ್ ಒತ್ತಿದಾಗ ಸಾಮಾನ್ಯವಾಗಿ ಆ ಕಿರುಚಾಟ ನಿಲ್ಲುತ್ತದೆ ಇಲ್ಲವೇ ಬದಲಾಗುತ್ತದೆ. ಬೇರಿಂಗ್ ಹೋದರೆ ಬರುವುದು ಉಜ್ಜಾಟವಲ್ಲ, ತಾಳವಿಲ್ಲದ ಒಂದೇ ಸಮನೆಯ ಗುಂಯ್‌ಗುಡುವಿಕೆ. ಓಡುತ್ತಿರುವಾಗ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಭಾರ ಎಡಗಾಲಿಗೆ ಬಿದ್ದು ಎಡ ಬೇರಿಂಗಿನ ಗುಂಯ್ ಜೋರಾಗುತ್ತದೆ, ಎಡಕ್ಕೆ ತಿರುಗಿಸಿದರೆ ತಗ್ಗುತ್ತದೆ. ಗೇರ್‌ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ ಆಕ್ಸಲ್ಲಿನ ಹೊರತುದಿಯ ಕೀಲು, ಅಂದರೆ ಸಿ.ವಿ. ಜಾಯಿಂಟ್, ಸವೆದರೆ ಪೂರ್ತಿ ತಿರುವಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ‘ಟಕ್ ಟಕ್ ಟಕ್’ ಎನ್ನುತ್ತದೆ. ಡಿಸ್ಕಿನ ಹಿಂದಿರುವ ತೆಳು ತಗಡಿನ ಧೂಳುತಡೆ ಬಗ್ಗಿದ್ದರೆ, ಅಥವಾ ಅದಕ್ಕೂ ಡಿಸ್ಕಿಗೂ ನಡುವೆ ಕಡಲೆ ಗಾತ್ರದ ಕಲ್ಲೊಂದು ಸಿಕ್ಕಿಕೊಂಡಿದ್ದರೆ, ತಗಡು ಕೆರೆದ ಸದ್ದು ಇಡೀ ಬೀದಿಗೆ ಕೇಳಿಸುತ್ತದೆ. ಇವುಗಳ ಜೊತೆಗೆ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಲೈನರ್ ಸಡಿಲವಾಗಿ ಟೈರಿಗೆ ತಾಗುವುದೂ ಉಂಟು. ಅದು ಹೆಚ್ಚಾಗಿ ತಿರುವಿನಲ್ಲೇ ಕೇಳಿಸುತ್ತದೆ.

ಸದ್ದು ಎಂಜಿನ್ನಿನದೋ ಚಕ್ರದ್ದೋ ಎಂಬುದನ್ನು ಬೇರ್ಪಡಿಸುವುದು ಮೊದಲ ಕೆಲಸ. ಸಪಾಟು ರಸ್ತೆಯಲ್ಲಿ 40ಕ್ಕೆ ಏರಿಸಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಕಾರು ತಾನಾಗಿ ಉರುಳಲು ಬಿಟ್ಟೆವು. ಎಂಜಿನ್ ಐಡಲ್‌ಗೆ ಇಳಿದರೂ ಸದ್ದು ಇಳಿಯಲಿಲ್ಲ, ಚಕ್ರದ ಜೊತೆಗೇ ನಿಧಾನವಾಯಿತು. ಬಳಿಕ ಸ್ಪೀಡೋಮೀಟರಿನಲ್ಲಿ 20 ಕಿ.ಮೀ. ವೇಗವನ್ನು ಹಿಡಿದು ನಿಲ್ಲಿಸಿ, ಎಡಗಿಟಕಿ ಇಳಿಸಿ, ಹುಡುಗನ ಕೈಯಲ್ಲಿ ಮೊಬೈಲ್ ಕೊಟ್ಟು ಹತ್ತು ಸೆಕೆಂಡಿನ ಸದ್ದನ್ನು ರೆಕಾರ್ಡ್ ಮಾಡಿಸಿದೆ. ಕೂತು ಎಣಿಸಿದರೆ 27 ಬಡಿತ. ಈ ಕಾರಿನ 165/80 ಆರ್14 ಟೈರಿನ ವ್ಯಾಸ ಸುಮಾರು 62 ಸೆಂಟಿಮೀಟರ್, ಸುತ್ತಳತೆ 1.95 ಮೀಟರ್‌ಗೆ ಹತ್ತಿರ. ಗಂಟೆಗೆ 20 ಕಿ.ಮೀ. ಎಂದರೆ ಸೆಕೆಂಡಿಗೆ 5.55 ಮೀಟರ್, ಅಂದರೆ ಹತ್ತು ಸೆಕೆಂಡಿಗೆ 28ರಿಂದ 29 ಸುತ್ತು. ಸ್ಪೀಡೋಮೀಟರ್ ನಿಜಕ್ಕಿಂತ ತುಸು ಹೆಚ್ಚೇ ತೋರಿಸುವುದರಿಂದ 27 ಬಡಿತ ಚಕ್ರದ ಒಂದು ಸುತ್ತಿಗೆ ಒಂದು ಎಂಬ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ.

ಈ ಎಣಿಕೆ ಒಳ್ಳೆಯ ಸಾಧನ, ಆದರೆ ಅದರ ಮಿತಿಯನ್ನು ನಾನು ಆ ದಿನ ಮರೆತೆ. ಹಿಂಗಾಲಿಗಳಿಂದ ನೂಕುವ ವಾಹನಗಳಲ್ಲಿ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ಮೂರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ; ಅಲ್ಲಿ ಬಡಿತವನ್ನು ಎಣಿಸಿದರೆ ಸದ್ದು ಶಾಫ್ಟಿನದೋ ಚಕ್ರದ್ದೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಮುಂಗಾಲಿಗಳಿಂದ ಎಳೆಯುವ ಕಾರಿನಲ್ಲಿ ವೇಗ ತಗ್ಗಿಸುವ ಕೊನೆಯ ಗೇರುಗಳು ಗೇರ್‌ಬಾಕ್ಸಿನ ಒಳಗೇ ಇರುವುದರಿಂದ ಆಕ್ಸಲ್, ಚಕ್ರ ಕೂರುವ ಹಬ್, ಡಿಸ್ಕ್, ರಿಮ್ ಎಲ್ಲವೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾಗಿ ಸುತ್ತಿಗೊಂದು ಬಡಿತ ಎಂಬುದು ‘ಚಕ್ರದ ಜೊತೆ ತಿರುಗುವ ಯಾವುದೋ ಒಂದು’ ಎಂದಷ್ಟೇ ಹೇಳುತ್ತದೆ. ಯಾವುದು ಎಂದು ಹೇಳುವುದಿಲ್ಲ. ನಾನು ಅದನ್ನು ‘ಬ್ರೇಕ್’ ಎಂದು ಓದಿಕೊಂಡೆ.

ಹಾಗೆ ಓದಿಕೊಳ್ಳಲು ಪುರಾವೆಯೂ ಸಿಕ್ಕಿತ್ತು ಎಂಬುದು ಈ ಪ್ರಕರಣದ ತೊಡಕು. ಓಡುತ್ತಿರುವಾಗ ಬ್ರೇಕ್ ಪೆಡಲನ್ನು ಬೆರಳಿನಿಂದ ಮುಟ್ಟಿದಷ್ಟು ಹಗುರಾಗಿ ಒತ್ತಿದರೆ ಸದ್ದು ಬದಲಾಗುತ್ತಿತ್ತು. ಸಿರುಗುಪ್ಪ ರಸ್ತೆಯಲ್ಲಿ 12 ಕಿ.ಮೀ. ಹೋಗಿ, ಸಾಧ್ಯವಾದಷ್ಟು ಬ್ರೇಕ್ ಹಿಡಿಯದೆ ಹಿಂದಿರುಗಿ, ಇಳಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿದಾಗ ಬಲ ಮುಂದಿನ ಡಿಸ್ಕ್ 71 ಡಿಗ್ರಿ ಸೆಲ್ಸಿಯಸ್, ಎಡದ್ದು 124. ರಿಮ್ಮಿನ ಹತ್ತಿರ ಕೈ ತಂದರೇ ವ್ಯತ್ಯಾಸ ತಿಳಿಯುತ್ತಿತ್ತು. ಇಷ್ಟು ಅಂತರವಿದ್ದರೆ ಎಡಗಡೆಯ ಬ್ರೇಕ್ ಬಿಟ್ಟುಕೊಳ್ಳುತ್ತಿಲ್ಲ ಎಂದೇ ಅರ್ಥ.

ಚಕ್ರ ಬಿಚ್ಚಿದೆವು. ಬೇರಿಂಗಿನಲ್ಲಿ ದೋಷವಿರಲಿಲ್ಲ: ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟವಿಲ್ಲ, ಒಂದು ಕೈಯಲ್ಲಿ ಹಬ್ ತಿರುಗಿಸುತ್ತ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಸುರುಳಿಯ ಮೇಲಿಟ್ಟರೆ ಕಿರಕಿರಿ ಇಲ್ಲ. ಕೆಟ್ಟ ಬೇರಿಂಗಿನ ನಡುಕ ಸ್ಪ್ರಿಂಗಿಗೆ ಹತ್ತಿ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹಣವಿಲ್ಲದ ಈ ಪರೀಕ್ಷೆಯನ್ನು ಮಾಡದೆ ಬೇರಿಂಗ್ ಬದಲಿಸಲು ಹೇಳಬಾರದು ಎಂಬುದು ನನ್ನ ಅಭಿಪ್ರಾಯ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಿ ಸರಿಯಲು ಇರುವ ಎರಡು ಸ್ಲೈಡ್ ಪಿನ್‌ಗಳಲ್ಲಿ ಮೇಲಿನದು ಬೆರಳಿಗೆ ಸರಾಗವಾಗಿ ಜಾರಿತು, ಕೆಳಗಿನದು ಅಲುಗಲಿಲ್ಲ. ಅದರ ರಬ್ಬರ್ ಬೂಟಿನ ಮಡಿಕೆಯಲ್ಲಿ ಉಗುರಿನಷ್ಟು ಸೀಳು. ಪಿನ್ನನ್ನು ಹಿಡಿದು ತಿರುಚುತ್ತ ಎಳೆದು ತೆಗೆದಾಗ ಹೊರಬಂದದ್ದು ಗ್ರೀಸ್ ಅಲ್ಲ, ಕುಂಕುಮದ ಬಣ್ಣದ ಒಣ ಹುಡಿ. ತೋರಣಗಲ್ಲಿನ ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ಮೂರು ವರ್ಷ ಓಡಿದ ಕಾರಿನಲ್ಲಿ ಈ ಕೆಂಪು ಧೂಳು ಸಿಗುವುದು ಹೊಸದಲ್ಲ. ಗ್ರೀಸಿನೊಳಗೆ ಸೇರಿ, ಅದನ್ನು ಹೀರಿ, ಒಣಗಿ, ಪಿನ್ನನ್ನು ಕಚ್ಚಿ ಹಿಡಿಯುತ್ತದೆ. ಪಿನ್ ಜಾರದಿದ್ದರೆ ಪೆಡಲ್ ಬಿಟ್ಟ ಮೇಲೂ ಹೊರಗಿನ ಪ್ಯಾಡ್ ಡಿಸ್ಕಿಗೆ ಆತುಕೊಂಡೇ ಇರುತ್ತದೆ. ಹಳೆಯ ಸವೆದ ಪ್ಯಾಡ್ ಇದ್ದಾಗ ಹೇಗೋ ಸುಧಾರಿಸಿಕೊಂಡಿದ್ದ ಕ್ಯಾಲಿಪರಿಗೆ, ಹೊಸ ದಪ್ಪ ಪ್ಯಾಡ್ ಕೂರಿಸಿದ ಮೇಲೆ ಆ ಜಾಗವೂ ಇಲ್ಲವಾಗಿತ್ತು. ಪ್ಯಾಡ್ ಬದಲಿಸಿದವರು ಪಿನ್‌ಗಳನ್ನು ತೆಗೆದು ನೋಡಿರಲಿಲ್ಲ.

ಪಿನ್ ಮತ್ತು ಅದರ ರಂಧ್ರವನ್ನು ತೊಳೆದು, ಬೂಟ್ ಬದಲಿಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆವು. ಡಬ್ಬಿಯಲ್ಲಿರುವ ಮಾಮೂಲಿ ಗ್ರೀಸ್ ಇಲ್ಲಿ ಸಲ್ಲದು. ಅದರ ಎಣ್ಣೆಗೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಅದೇ ರಸ್ತೆ, ಅದೇ 12 ಕಿ.ಮೀ. ಓಡಿಸಿ ನೋಡಿದಾಗ ಎಡ ಡಿಸ್ಕ್ 73, ಬಲದ್ದು 70. ಸದ್ದು ಇಲ್ಲ. ಮಾಲೀಕರು ಡಿಕ್ಕಿಯಲ್ಲಿ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಪ್ಯಾಡ್‌ಗಳನ್ನು ತೋರಿಸಿದರು. ವರ್ನಿಯರ್ ಹಿಡಿದು ನೋಡಿದರೆ ಎಡಗಡೆಯವುಗಳಲ್ಲೂ ಉಜ್ಜುವ ಪದಾರ್ಥ 6 ಮಿಲಿಮೀಟರಿಗೂ ಮಿಕ್ಕಿ ಉಳಿದಿತ್ತು. ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರಿಗೆ ಇಳಿದಾಗ ಬದಲಿಸುವ ವಸ್ತು ಅದು. ಈ ಅಳತೆಯನ್ನು ನೋಡಿ ನಾನು ಮೊದಲ ಗ್ಯಾರೇಜಿನವರ ಬಗ್ಗೆ ಎರಡು ಮಾತು ಆಡಿದೆ, ಕಾರನ್ನು ಒಪ್ಪಿಸಿದೆ.

ಎರಡು ದಿನ ಕಳೆದು ಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು. “ಅದೇ ಸಪ್ಪಳ ಐತ್ರಿ. ನಿನ್ನೆ ರಾತ್ರಿ ಮನೆಮಂದಿನ್ನೆಲ್ಲ ಕರ್ಕೊಂಡು ಹೊಸಪೇಟಿಗೆ ಹೋಗಿದ್ದೆ, ಹೋಗೋವರೆಗೂ ಬಂತು, ಬರೋವರೆಗೂ ಬಂತು.” ಸರಿ, ಹೇಗೆ ಬಂದಿತ್ತೋ ಹಾಗೇ ಎಲ್ಲರನ್ನೂ ಕೂರಿಸಿಕೊಂಡು ಬನ್ನಿ ಎಂದೆ. ಹಾಗೆ ಹೇಳಿದ್ದು ಯೋಚನೆ ಮಾಡಿಯಲ್ಲ, ಸ್ವಲ್ಪ ಬೇಸರದಲ್ಲೇ. ಆದರೆ ಈ ಪ್ರಕರಣದಲ್ಲಿ ನಾನು ಹೇಳಿದ ಮಾತುಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಅವರು ಬಂದರು, ಮುಂದಿನ ಎಡ ಸೀಟಿನಲ್ಲಿ ಅವರ ತಾಯಿ, ಹಿಂದೆ ಪತ್ನಿ ಮತ್ತು ಇಬ್ಬರು ಮಕ್ಕಳು. ಸದ್ದು ಹೇಗಿದೆ ಎಂದು ಕೇಳಿದಾಗ ಮಾಲೀಕರು ಮತ್ತೆ ‘ರಬ್ಬಿಂಗ್’ ಎಂದರು. ತಾಯಿ ಕಿಟಕಿಯಿಂದಲೇ ಹೇಳಿದರು: “ಕಸಬರಿಗಿಲೆ ಅಂಗಳ ಬಳದಂಗ ಬರ್ತೈತಪ್ಪ. ಕಬ್ಬಿಣದ್ದಲ್ಲ ಅದು.” ಆ ಸೀಟಿನಲ್ಲಿ, ಆ ಚಕ್ರದಿಂದ ಒಂದು ಮಾರು ದೂರದಲ್ಲಿ ಕೂತು ಹದಿನೈದು ದಿನ ಕೇಳಿದವರು ಅವರೊಬ್ಬರೇ. ಪ್ಯಾಡ್ ಡಿಸ್ಕಿಗೆ ಉಜ್ಜಿದರೆ ಬರುವುದು ಸಾಣೆ ಹಿಡಿದಂಥ ಒಣ ಸದ್ದು. ಅಂಗಳ ಗುಡಿಸಿದ ಸದ್ದು ಎಂದರೆ ಬಾಗುವ, ಎಳೆಎಳೆಯಾದ ಏನೋ ಗಡುಸು ಮೈಗೆ ಸವರಿ ಹೋಗುತ್ತಿದೆ ಎಂದು. ಅವರ ವರ್ಣನೆ ನನ್ನ ಜಾಬ್ ಕಾರ್ಡಿಗಿಂತ ಖಚಿತವಾಗಿತ್ತು.

ಹಿಂತಿರುಗಿ ನೋಡಿದರೆ ತಾರೀಖುಗಳೇ ನನ್ನನ್ನು ಎಚ್ಚರಿಸಬೇಕಿತ್ತು. ಬ್ರೇಕ್ ಹಿಡಿದುಕೊಳ್ಳಲು ಶುರುವಾದದ್ದು ಹೊಸ ಪ್ಯಾಡ್ ಹಾಕಿದ ಮೇಲೆ. ಗಿರಾಕಿಯ ದೂರು ಹುಟ್ಟಿದ್ದು ಅದಕ್ಕಿಂತ ಹತ್ತು ದಿನ ಮೊದಲು. ಪ್ಯಾಡ್ ಬದಲಾವಣೆಯಿಂದ ಬಂದ ದೋಷ ಅದಕ್ಕೆ ಮುಂಚಿನ ಸದ್ದಿಗೆ ಕಾರಣವಾಗಲಾರದು. ನಾನು ಮತ್ತು ಹುಡುಗ ಇಬ್ಬರೇ ಕೂತು ಓಡಿಸಿದಾಗ ಕೇಳಿದ್ದು ಬ್ರೇಕಿನ ಸದ್ದು. ಅದೂ ಸುತ್ತಿಗೊಂದು ಬಾರಿ ಬರುತ್ತಿದ್ದುದರಿಂದ, ಅದೇ ಚಕ್ರದಿಂದ ಬರುತ್ತಿದ್ದುದರಿಂದ, ಅದೇ ಇದು ಎಂದುಕೊಂಡೆ. ಡಿಸ್ಕಿಗೆ ಇರುವ ಕೂದಲೆಳೆಯಷ್ಟು ಓರೆಯಿಂದಾಗಿ ಹಿಡಿದುಕೊಂಡ ಪ್ಯಾಡ್ ಕೂಡ ಸುತ್ತಿಗೊಂದೇ ಬಾರಿ ಜೋರಾಗಿ ಉಜ್ಜುತ್ತದೆ.

ಕುಟುಂಬದವರನ್ನು ಕೂರಿಸಿಕೊಂಡೇ ಎರಡು ಕಿಲೋಮೀಟರ್ ಹೋಗಿಬಂದೆವು. ಹುಡುಗನನ್ನು ಗ್ಯಾರೇಜಿನಲ್ಲೇ ಬಿಟ್ಟಿದ್ದೆ. ನಾನು ಹಿಂದೆ ಮಕ್ಕಳ ಜೊತೆ ಒತ್ತಿಕೊಂಡು ಕೂತಿದ್ದೆ. ಸದ್ದು ಸ್ಪಷ್ಟ: ‘ಸರ್… ಸರ್… ಸರ್…’ ಬ್ರೇಕ್ ಮುಟ್ಟಿದರೆ ಬದಲಾವಣೆಯಿಲ್ಲ. ರಸ್ತೆಯ ಉಬ್ಬಿನ ಮೇಲೆ ಹತ್ತಿಳಿದಾಗ ಕಾರು ಕುಗ್ಗಿದ ಕ್ಷಣ ಜೋರು, ಎದ್ದ ಕ್ಷಣ ಇಲ್ಲ. ತಾಯಿಯವರನ್ನೂ ಉಳಿದವರನ್ನೂ ಇಳಿಸಿ ಮಾಲೀಕರೊಬ್ಬರೇ ಗೇಟಿನ ಮುಂದೆ ಒಂದು ಸುತ್ತು ಬಂದಾಗ ಸದ್ದು ಇರಲೇ ಇಲ್ಲ. ಟೇಪಿನಿಂದ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆ: ಖಾಲಿ ಕಾರಿನಲ್ಲಿ 372 ಮಿಲಿಮೀಟರ್, ಐದೂ ಜನ ಕೂತಾಗ 354. ಹದಿನೆಂಟು ಮಿಲಿಮೀಟರಿನಲ್ಲಿ ಸದ್ದು ಹುಟ್ಟುತ್ತಿತ್ತು, ಸಾಯುತ್ತಿತ್ತು.

ಕಾರನ್ನು ಮೈಗೆ ಜಾಕ್ ಕೊಟ್ಟು ಎತ್ತಿ ಚಕ್ರ ತಿರುಗಿಸಿದರೆ ಮೌನ. ಇದು ಬಹಳ ಜನರನ್ನು ದಾರಿ ತಪ್ಪಿಸುವ ಮೌನ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈಯನ್ನು ಎತ್ತಿದಾಗ ಸಸ್ಪೆನ್ಷನ್ ಜೋತುಬೀಳುತ್ತದೆ. ಅದೇ ಅಳತೆ ಆಗ 440ಕ್ಕೆ ಹೋಗಿತ್ತು. ಆಕ್ಸಲ್ಲಿನ ಒಳತುದಿ ಗೇರ್‌ಬಾಕ್ಸಿನಲ್ಲಿ ಒಂದೇ ಎತ್ತರದಲ್ಲಿ ಉಳಿಯುತ್ತದೆ, ಹೊರತುದಿ ಚಕ್ರದೊಂದಿಗೆ ಏರಿಳಿಯುತ್ತದೆ, ನಡುವಿನ ಜಾಗಗಳು ತಮ್ಮ ತಮ್ಮ ದೂರಕ್ಕೆ ತಕ್ಕಂತೆ ಪಾಲು ಪಡೆಯುತ್ತವೆ. ಹೀಗಾಗಿ ಎತ್ತಿದ ಕಾರಿನ ಆಕ್ಸಲ್ ರಸ್ತೆಯ ಮೇಲಿನ ಕಾರಿನ ಆಕ್ಸಲ್ ಇರುವ ಜಾಗದಲ್ಲಿ ಇರುವುದೇ ಇಲ್ಲ. ಲಿಫ್ಟಿನ ಮೇಲೆ ಸದ್ದಿಲ್ಲ ಎಂದರೆ ಸದ್ದಿಲ್ಲ ಎಂದಲ್ಲ, ಆ ಎತ್ತರದಲ್ಲಿ ಇಲ್ಲ ಎಂದಷ್ಟೇ.

ಹಾಗಾದರೆ ಚಕ್ರವನ್ನು ನೆಲದಿಂದ ಬಿಡಿಸಬೇಕು, ಸಸ್ಪೆನ್ಷನ್ ಮಾತ್ರ ಭಾರ ಹೊತ್ತಂತೆ ಕುಗ್ಗಿಯೇ ಇರಬೇಕು. ಜಾಕನ್ನು ಮೈಗೆ ಕೊಡದೆ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಹೊರತುದಿಗೆ, ಬಾಲ್ ಜಾಯಿಂಟಿನ ಹತ್ತಿರ ಕೊಟ್ಟು, ಚಕ್ರ ನೆಲದಿಂದ ಎರಡು ಬೆರಳು ಏಳುವಷ್ಟು ಮಾತ್ರ ಎತ್ತಿದರೆ ಇದು ಆಗುತ್ತದೆ. ಎತ್ತಿದ ಕಾರಿನಲ್ಲಿ ಮನುಷ್ಯರನ್ನು ಕೂರಿಸುವುದು ಸಲ್ಲ. ಪಕ್ಕದ ಅಕ್ಕಿ ಅಂಗಡಿಯಿಂದ 25 ಕೆ.ಜಿ.ಯ ಒಂಬತ್ತು ಸೋನಾ ಮಸೂರಿ ಚೀಲಗಳನ್ನು ತಂದು, ಮುಂದಿನ ಎರಡು ಸೀಟುಗಳಲ್ಲಿ ಎರಡೆರಡು, ಹಿಂದೆ ಐದು ಇಟ್ಟೆವು. ಹಿಂಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮೈಯ ಕೆಳಗೆ ತಾಗದಂತೆ ಕಾವಲಿಗೊಂದು ಸ್ಟ್ಯಾಂಡ್ ಇಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಅಳೆದಾಗ ಟೇಪು 356 ತೋರಿಸಿತು. ಹುಡುಗ ಚಕ್ರವನ್ನು ಕೈಯಿಂದ ತಿರುಗಿಸಿದ. ಸರ್… ಸರ್…

ಟಾರ್ಚ್ ಹಿಡಿದು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಚಕ್ರದ ಹಿಂದಿನಿಂದ ಇಣುಕಿದಾಗ ಮೊದಲು ಕಂಡದ್ದು ಆಕ್ಸಲ್ ಅಲ್ಲ, ಪ್ಲಾಸ್ಟಿಕ್. ಎಂಜಿನ್ನಿಗೆ ಕೆಸರು ಹಾರದಂತೆ ಚಕ್ರದ ಗೂಡಿನ ಒಳಬದಿಗೆ ಹಾಕಿರುವ ಕಪ್ಪು ಹೊದಿಕೆಯಲ್ಲಿ ಆಕ್ಸಲ್ ಹಾದುಹೋಗಲು ಒಂದು ಕಂಡಿ ಇರುತ್ತದೆ. ಆ ಕಂಡಿಯ ಮೇಲಂಚಿನಲ್ಲಿ ಅಂಗೈ ಅಗಲದ ಕಮಾನಿನಾಕಾರದ ಗುರುತು. ಸುತ್ತಲಿನ ಪ್ಲಾಸ್ಟಿಕ್ ಧೂಳು ಹಿಡಿದು ಬೂದಿಬಣ್ಣಕ್ಕೆ ತಿರುಗಿದ್ದರೆ ಆ ಕಮಾನು ಮಾತ್ರ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅದರ ನೇರಕ್ಕೆ, ಆಕ್ಸಲ್ಲಿನ ಮೇಲೆ, ಸಿ.ವಿ. ಜಾಯಿಂಟನ್ನು ಮುಚ್ಚುವ ಹೊರಗಿನ ರಬ್ಬರ್ ಬೂಟಿಗೆ ಒತ್ತಿಕೊಂಡು, ಕಾಲಿಗೆ ಕಟ್ಟಿದ ಮಣ್ಣಿನ ಪಟ್ಟಿಯಂತೆ ಏನೋ ಸುತ್ತಿಕೊಂಡಿತ್ತು. ಉದ್ದ ಒಂದು ಗೇಣಿಗೆ ಕಡಿಮೆ. ಮೊದಲ ನೋಟಕ್ಕೆ ಅದು ಆಕ್ಸಲ್ಲಿನದೇ ದಪ್ಪಗಾದ ಭಾಗ ಎನಿಸುವಷ್ಟು ಸಮನಾಗಿತ್ತು. ಚಕ್ರ ಬಿಚ್ಚಿದ್ದ ದಿನ ನಾನು ಅದನ್ನು ನೋಡಿಯೂ ಕಾಣದೇ ಇದ್ದದ್ದು ಹೀಗೆ. ಉಗುರಿನಿಂದ ಕೆರೆದರೆ ಎರೆಮಣ್ಣು, ಒಣಗಿ ಹೆಂಚಿನಂತಾಗಿದೆ. ಅದರೊಳಗೆ ಭತ್ತದ ಹುಲ್ಲು. ಒಂದು ಬದಿಯಲ್ಲಿ ನಾಲ್ಕೈದು ಹುಲ್ಲಿನ ದಂಟು ಮತ್ತು ತುದಿ ಸುಟ್ಟು ಗಂಟಾದ ನೀಲಿ ಪ್ಲಾಸ್ಟಿಕ್ ಹುರಿ ಸೇರಿ ಬೆರಳುದ್ದ ಹೊರಚಾಚಿದ್ದವು. ಕಸಬರಿಗೆಯೇ.

ಇದು ಹೇಗೆ ಬಂತು ಎಂದು ಮಾಲೀಕರನ್ನು ಕೇಳಿದಾಗ ಅವರಿಗೆ ತಕ್ಷಣ ನೆನಪಾಗಲಿಲ್ಲ, ಪತ್ನಿಗೆ ನೆನಪಾಯಿತು. ತಿಂಗಳ ಮೊದಲ ವಾರ ಬೆಳೆಸಾಲದ ಪರಿಶೀಲನೆಗೆಂದು ಹಳ್ಳಿಯೊಂದಕ್ಕೆ ಹೋಗಿದ್ದಾಗ ಕಾಲುವೆಯ ಪಕ್ಕದ ಹೊಲದ ದಾರಿಯಲ್ಲಿ ಕಾರು ಹೂತುಕೊಂಡು, ಕೆಸರು ಮೆತ್ತಿದ ಬಟ್ಟೆಯಲ್ಲಿ ಸಂಜೆ ಮನೆಗೆ ಬಂದಿದ್ದರು. “ಹೌದ್ರಿ, ರೈತರು ಬಂದು ಗಾಲಿ ಕೆಳಗ ಹುಲ್ಲು ಹಾಕಿ ಎಬ್ಬಿಸಿದ್ರು” ಎಂದರು ಮಾಲೀಕರು. ತುಂಗಭದ್ರೆಯ ಕಾಲುವೆ ನೀರು ಹರಿಯುವ ಸಿರುಗುಪ್ಪ ಸೀಮೆಯಲ್ಲಿ ಆ ಹೊತ್ತಿಗೆ ಭತ್ತದ ಕೊಯ್ಲು. ಕೊಯ್ಲಿನ ಮಷೀನಿನ ಹಿಂದೆಯೇ ಹುಲ್ಲು ಸುತ್ತುವ ಮಷೀನು ಬಂದು ಹುರಿ ಬಿಗಿದ ಸುರುಳಿಗಳನ್ನು ಸಾಲಾಗಿ ಇಟ್ಟು ಹೋಗಿರುತ್ತದೆ. ಕೈಗೆ ಸಿಕ್ಕ ಸುರುಳಿಯನ್ನು ಬಿಚ್ಚಿ ಹುಲ್ಲು, ಹುರಿ ಎಲ್ಲವನ್ನೂ ಎಡಗಾಲಿಯ ಕೆಳಗೆ ತುರುಕಿದ್ದಾರೆ. ಹೂತ ಗಾಲಿ ಆಕ್ಸಿಲರೇಟರ್ ಕೊಟ್ಟಾಗ ಜಾಗದಲ್ಲೇ ಗಿರಗಿರ ತಿರುಗುತ್ತದೆ. ಎರಡು ಗಾಲಿಗಳಲ್ಲಿ ಜಾರುವ ಗಾಲಿಗೇ ಡಿಫರೆನ್ಷಿಯಲ್ (ಎರಡೂ ಗಾಲಿಗಳಿಗೆ ಎಳೆತ ಹಂಚುವ ಗೇರುಗಳು) ತಿರುಗುವಿಕೆಯನ್ನು ಬಿಟ್ಟುಕೊಡುವುದರಿಂದ ಎಡ ಆಕ್ಸಲ್ ರಾಟೆಯಾಗಿ, ಹುರಿಯನ್ನೂ ಹುಲ್ಲನ್ನೂ ಹಸಿ ಎರೆಮಣ್ಣಿನ ಜೊತೆ ಸುತ್ತಿಕೊಂಡಿದೆ. ಬಲ ಆಕ್ಸಲ್ ಸ್ವಚ್ಛವಾಗಿತ್ತು. ಮೊದಲ ಎರಡು ಮೂರು ದಿನ ಸದ್ದಿಲ್ಲದೆ, ಮಣ್ಣು ಒಣಗಿ ಗಟ್ಟಿಯಾದ ಮೇಲೆ ಶುರುವಾದದ್ದಕ್ಕೂ ಇದು ಹೊಂದುತ್ತದೆ. ಆ ಹುಲ್ಲಿನ ಅಪರಾಧವನ್ನು ಹಿಡಿದುಕೊಡಲು ಸಾಕ್ಷಿಯಾಗಿ ಕೂತದ್ದು ಸೀಟಿನ ಮೇಲಿನ ಅಕ್ಕಿ ಚೀಲಗಳು ಎಂದು ಹುಡುಗ ನಕ್ಕ. ತಮಾಷೆ ತಕ್ಕದ್ದೇ ಆಗಿತ್ತು.

ತೆಗೆಯುವ ಕೆಲಸದಲ್ಲಿ ಅವಸರ ಕೂಡದು. ಹುರಿಯ ತುದಿಯನ್ನು ಹಿಡಿದು ಜಗ್ಗಿದರೆ ಅದು ರಬ್ಬರ್ ಬೂಟಿನ ಮಡಿಕೆಯೊಳಗೆ ಕೊಯ್ದುಕೊಂಡು ಹೋಗುತ್ತದೆ. ಬೂಟ್ ಹರಿದರೆ ಗ್ರೀಸ್ ಹೊರಗೆ, ಧೂಳು ಒಳಗೆ, ಜಾಯಿಂಟ್ ಕೆಲವೇ ದಿನಗಳಲ್ಲಿ ಹಾಳು. ಒದ್ದೆ ಗೋಣಿಚೀಲವನ್ನು ಅರ್ಧ ಗಂಟೆ ಸುತ್ತಿಟ್ಟು ಎರೆಮಣ್ಣನ್ನು ಮೆತ್ತಗೆ ಮಾಡಿಕೊಂಡೆವು. ಬಳಿಕ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಆಕ್ಸಲ್ಲಿನ ಉದ್ದಕ್ಕೆ, ಬೂಟಿನಿಂದ ದೂರದ ತುದಿಯಿಂದ ಹಿಡಿದು, ಪದರ ಪದರವಾಗಿ ಕೊಯ್ದು ಸಿಪ್ಪೆ ಸುಲಿದಂತೆ ಬಿಡಿಸಿದೆವು. ಬಿಡಿಸಿದ್ದನ್ನು ನೆಲದ ಮೇಲೆ ಹರಡಿದಾಗ ನೀಲಿ ಹುರಿಯೇ ಮೂರು ಮೀಟರಿಗೂ ಹೆಚ್ಚಿತ್ತು. ಬೂಟಿನ ಒಳತುದಿಯ ಮಡಿಕೆಯ ಮೇಲೆ ಹುರಿ ಬಿಗಿದಿದ್ದ ಜಾಗದಲ್ಲಿ ಸುತ್ತಲೂ ನೂಲಿನಂಥ ಗೀರು ಬಿದ್ದಿತ್ತು. ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಮಡಿಕೆಗಳು ಬಿಚ್ಚಿಕೊಂಡಾಗ ಬೆರಳಿನಿಂದ ಸವರಿ ನೋಡಿದೆ: ಗೀರು ಮೇಲ್ಮೈಯಲ್ಲೇ ಇದೆ, ಸೀಳಿಲ್ಲ, ಗ್ರೀಸಿನ ಜಿಡ್ಡು ಎಲ್ಲೂ ಇಲ್ಲ. ಬೂಟ್ ಬದಲಿಸಿಬಿಡೋಣವೇ ಎಂದು ಮಾಲೀಕರು ಕೇಳಿದರು. ಅದಕ್ಕಾಗಿ ಆಕ್ಸಲ್ ಹೊರತೆಗೆಯಬೇಕು; ಸರಿಯಾಗಿರುವುದನ್ನು ಬಿಚ್ಚಿ ಇನ್ನೊಂದು ದೋಷಕ್ಕೆ ದಾರಿ ಮಾಡುವುದಕ್ಕಿಂತ ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ನೋಡುವುದು ಮೇಲು ಎಂದೆ. ಎಬಿಎಸ್ ಸೆನ್ಸರಿನ ತಂತಿಯನ್ನೂ ಅದರ ಕ್ಲಿಪ್ಪುಗಳನ್ನೂ ನೋಡಿದೆವು, ಹಾನಿಯಿರಲಿಲ್ಲ. ರಿಮ್ಮಿನ ಒಳಗೆ ಅಂಟಿದ್ದ ಎರೆಮಣ್ಣಿನ ಹೆಂಟೆಗಳನ್ನು ಕೆತ್ತಿ ತೆಗೆದ ಮೇಲೆ ಸ್ಟೀರಿಂಗಿಗೆ ಬರುತ್ತಿದ್ದ ಸಣ್ಣ ನಡುಕವೂ ನಿಂತಿತು. ಅದರ ಬಗ್ಗೆ ಅವರು ದೂರು ಕೂಡ ಹೇಳಿರಲಿಲ್ಲ.

ಹುಲ್ಲು ಸುತ್ತಿಕೊಳ್ಳುವುದು ನಮ್ಮ ಕಡೆ ಅಪರೂಪವಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ರಸ್ತೆಗಳಲ್ಲಿ ಸುಗ್ಗಿಯ ದಿನಗಳಲ್ಲಿ ಹುರುಳಿ, ಸಜ್ಜೆಗಳನ್ನು ವಾಹನಗಳ ಗಾಲಿಯಿಂದಲೇ ಒಕ್ಕಣೆಯಾಗಲಿ ಎಂದು ಹರಡಿರುತ್ತಾರೆ. ಹುರುಳಿಯ ಬಳ್ಳಿ ಹುರಿಯಷ್ಟೇ ಚೆನ್ನಾಗಿ ಆಕ್ಸಲ್ಲಿಗೆ ಸುತ್ತಿಕೊಳ್ಳುತ್ತದೆ. ಈ ಪ್ರಕರಣದಲ್ಲಿ ಮಣ್ಣು ಸೇರಿದ್ದರಿಂದ ಸದ್ದಷ್ಟೇ ಆಯಿತು. ಒಣ ಹೊಟ್ಟು, ಬಳ್ಳಿ ಕಾದ ಸೈಲೆನ್ಸರ್ ಪೈಪಿನ ಹತ್ತಿರ ಸಿಕ್ಕಿಕೊಂಡರೆ ಹೊತ್ತಿಕೊಳ್ಳುತ್ತದೆ. ಅಂಥ ರಾಶಿಯ ಮೇಲೆ ಹಾಯ್ದ ಮೇಲೆ ಮುಂದೆ ಎಲ್ಲಾದರೂ ನಿಲ್ಲಿಸಿ ಬಗ್ಗಿ ಒಮ್ಮೆ ನೋಡಿ ಎಂದು ನನ್ನ ಗಿರಾಕಿಗಳಿಗೆ ಈಗ ಹೇಳುತ್ತೇನೆ.

ಕೆಲಸ ಮುಗಿದ ಮೇಲೆ ಪರೀಕ್ಷೆಯನ್ನು ದೂರು ಹುಟ್ಟಿದ ಸ್ಥಿತಿಯಲ್ಲೇ ಮಾಡಿದೆವು: ಅದೇ ಐದು ಜನ ಅದೇ ಸೀಟುಗಳಲ್ಲಿ, ಅದೇ ರಸ್ತೆ, ಅದೇ 20 ಕಿ.ಮೀ. ವೇಗ, ಅದೇ ಮೊಬೈಲ್. ರೆಕಾರ್ಡಿಂಗಿನಲ್ಲಿ ಟೈರಿನ ಸದ್ದು ಮತ್ತು ಚಿಕ್ಕ ಮಗುವಿನ ಪ್ರಶ್ನೆಗಳು ಬಿಟ್ಟರೆ ಬೇರೇನೂ ಇರಲಿಲ್ಲ. ರಸ್ತೆಯ ಉಬ್ಬಿನ ಮೇಲೆ ಎರಡು ಬಾರಿ ಹತ್ತಿಳಿಸಿ ತಾಯಿಯವರ ಮುಖ ನೋಡಿದೆ. ಅವರು ತಲೆಯಾಡಿಸಿ ಇಲ್ಲ ಎಂದರು. ಪಿನ್ನಿನ ಬೂಟಿಗೂ ಬ್ರೇಕಿನ ಕೆಲಸಕ್ಕೂ ಮೊದಲೇ ಹಣ ತೆಗೆದುಕೊಂಡಿದ್ದೆ, ಅದು ನ್ಯಾಯವಾಗಿ ಆಗಬೇಕಿದ್ದ ಕೆಲಸವೇ. ಎರಡನೆಯ ದಿನದ್ದಕ್ಕೆ ತೆಗೆದುಕೊಳ್ಳಲಿಲ್ಲ.

ಫೆಬ್ರುವರಿಯಲ್ಲಿ, ಸುಮಾರು 1,400 ಕಿ.ಮೀ. ಓಡಿದ ಮೇಲೆ ಅವರು ಕಾರು ತಂದರು. ಬೂಟಿನ ಗೀರು ಇದ್ದಷ್ಟೇ ಇತ್ತು, ಸುತ್ತ ಗ್ರೀಸಿನ ಸುಳಿವಿರಲಿಲ್ಲ. ಎರಡೂ ಮುಂದಿನ ಡಿಸ್ಕುಗಳ ಬಿಸಿ ಒಂದೆರಡು ಡಿಗ್ರಿಯ ಅಂತರದಲ್ಲಿತ್ತು. ಪ್ಲಾಸ್ಟಿಕ್ ಕಂಡಿಯ ಮೇಲಂಚಿನಲ್ಲಿ ಹೊಳೆಯುತ್ತಿದ್ದ ಕಮಾನನ್ನು ಹುಡುಕಲು ಟಾರ್ಚನ್ನು ಓರೆಯಾಗಿ ಹಿಡಿಯಬೇಕಾಯಿತು. ಅದರ ಮೇಲೂ ಸುತ್ತಲಿನಷ್ಟೇ ದಪ್ಪಗೆ ಧೂಳು ಕೂತಿತ್ತು.